ಪರದೇಶಿಯ ವಿಳಾಸ

ವಿಳಾಸವೆಂಬ ಶಬ್ದಕ್ಕೆ ಮೂಲದಲ್ಲಿ ಲೀಲೆ, ಸೊಬಗು, ಬೆಡಗು ಎಂಬ ಅರ್ಥಗಳುಂಟು. ಕನ್ನಡದಲ್ಲಿ ಅದು ಲಕೋಟೆಯ ಮೇಲೆ ಬಂದು ಕುಳಿತು, ಬೆಡಗನ್ನೆಲ್ಲ ಕಳಚಿಟ್ಟು ಮನೆಯ ಗುರುತಾಯಿತು. ಹಳ್ಳಿಗಳಲ್ಲಿ ಆ ಗುರುತಿಗೂ ಹೆಚ್ಚಿನ ನಿಖರತೆ ಬೇಕಿರಲಿಲ್ಲ. ಹೆಸರು, ತಂದೆಯ ಹೆಸರು, ಊರು, ಅಂಚೆ, ತಾಲೂಕು, ಜಿಲ್ಲೆ ಇಷ್ಟನ್ನು ಬರೆದರೆ ಕಾಗದ ಬಂದು ಮುಟ್ಟುತ್ತಿತ್ತು. ಟಪಾಲಿನವನಿಗೆ ಮನೆಯ ಅಂಕಿ ಬೇಡ, ಮನೆತನ ಗೊತ್ತಿದ್ದರೆ ಸಾಕು. ಮನೆಯಲ್ಲಿಲ್ಲದವನ ಕಾಗದವನ್ನು ಹೊಲಕ್ಕೋ ಗುಡಿಯ ಕಟ್ಟೆಗೋ ಒಯ್ದು ಕೊಟ್ಟು, ಓದಿ ಹೇಳಿ ಬರುವ ಔದಾರ್ಯವೂ ಅವನಲ್ಲಿರುತ್ತಿತ್ತು.

ಗದಗ ಜಿಲ್ಲೆಯ ಅಂತಹದೊಂದು ಹಳ್ಳಿಯಲ್ಲಿ ಹುಟ್ಟಿ ಬೆಳೆದು, ಎಂಜಿನಿಯರಿಂಗ್ ಪದವಿ ಪಡೆದ ತರುಣನೊಬ್ಬನು ಉನ್ನತ ವ್ಯಾಸಂಗಕ್ಕೆಂದು 2001ರ ಆಗಸ್ಟಿನಲ್ಲಿ ಅಮೆರಿಕೆಗೆ ಹೋದನು. ಅವನ ತಂದೆ ಅದೇ ಊರಿನ ಶಾಖಾ ಅಂಚೆ ಕಚೇರಿಯನ್ನು ಬಹುಕಾಲ ನೋಡಿಕೊಂಡವರು. ಹುಟ್ಟಿದಂದಿನಿಂದ ಒಂದೇ ವಿಳಾಸದಲ್ಲಿದ್ದ ಆ ಹುಡುಗ ಮುಂದಿನ ಎಂಟು ವರ್ಷಗಳಲ್ಲಿ ಆರು ಮನೆ ಬದಲಿಸಿದ. ಪ್ರತಿಸಲವೂ ಸಾಮಾನು ಸಾಗಿಸುವುದು ಒಂದು ದಿನದ ಕೆಲಸವಾದರೆ, ತಾನೆಲ್ಲಿದ್ದೇನೆಂಬುದನ್ನು ಆ ದೇಶಕ್ಕೆ ತಿಳಿಸುವುದು ಬೇರೆಯೇ ಒಂದು ಕೆಲಸವಾಗಿತ್ತು.

ಆ ದೇಶದ ಕಾನೂನಿನಲ್ಲಿ ಅನ್ಯದೇಶೀಯನಿಗಿರುವ ಹೆಸರು 'ಏಲಿಯನ್'. ಕನ್ನಡಿಸಹೊರಟರೆ ನೆನಪಾಗುವುದು 'ಪರದೇಶಿ' ಎಂಬ ಶಬ್ದ. ಆದರೆ ನಮ್ಮ ಆಡುನುಡಿಯಲ್ಲಿ ಪರದೇಶಿಯೆಂದರೆ ಹೊರನಾಡಿನವನು ಮಾತ್ರವಲ್ಲ, ದಿಕ್ಕಿಲ್ಲದವನು ಕೂಡ. ನಮ್ಮ ಹಿರಿಯರು ಈ ಎರಡು ಅರ್ಥಗಳನ್ನು ಒಂದೇ ಶಬ್ದದಲ್ಲಿ ಕಟ್ಟಿಟ್ಟುದು ಅನುಭವವಿಲ್ಲದೆ ಇರಲಾರದು. ದಿಕ್ಕಿಲ್ಲದವನನ್ನು ಯಾರೂ ಹುಡುಕುವುದಿಲ್ಲ. ಅಮೆರಿಕೆಯ ಪರದೇಶಿಯಾದರೋ ಹುಡುಕಿದಾಗ ಸಿಕ್ಕಲೇಬೇಕಾದವನು. ಮನೆ ಬದಲಿಸಿದ 10 ದಿನಗಳೊಳಗಾಗಿ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕೆಂಬುದು ಅಲ್ಲಿಯ ವಿಧಿ. ರಾಜತಾಂತ್ರಿಕ ಅಧಿಕಾರಿಗಳಂತಹ ಕೆಲವರಿಗೆ ಮಾತ್ರ ವಿನಾಯಿತಿ. ತಿಳಿಸಲು ಇರುವ ನಮೂನೆಯ ಹೆಸರು ಎ.ಆರ್. 11, ಅದಕ್ಕೆ ಶುಲ್ಕವಿಲ್ಲ. ಅದೇ ಕಟ್ಟಡದಲ್ಲಿ ಕೆಳಗಿನ ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಹೋದರೂ ತಿಳಿಸಬೇಕು. ತಪ್ಪಿದವನಿಗೆ 200 ಡಾಲರುಗಳವರೆಗೆ ದಂಡ, ಇಲ್ಲವೆ 30 ದಿನಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದು ಆ ಕಲಮು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಬೇಕೆಂದು ತಪ್ಪಿದುದಲ್ಲವೆಂದಾಗಲಿ, ತಪ್ಪಿಗೆ ತಕ್ಕ ಕಾರಣವಿತ್ತೆಂದಾಗಲಿ ತೋರಿಸದವನನ್ನು ದೇಶದಿಂದ ಹೊರಹಾಕಬಹುದೆಂದೂ ಅಲ್ಲಿ ಬರೆದಿದೆ. ಒಂದು ಚೀಟಿಯ ಮರೆವಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಯಾರಿಗಾದರೂ ಅನಿಸೀತು.

ಈ ನಿಯಮದ ಹಿಂದೆ ಯುದ್ಧಕಾಲದ ಭೀತಿಯಿದೆ. 1940ರಲ್ಲಿ ಪರದೇಶಿಗಳ ನೋಂದಣಿ ಶಾಸನ ಜಾರಿಗೆ ಬಂದಾಗ ಅಂಚೆ ಕಚೇರಿಗಳಲ್ಲೇ ನೋಂದಣಿ ನಡೆಯಿತು. ಕೆಲವೇ ತಿಂಗಳುಗಳಲ್ಲಿ ಸುಮಾರು 50 ಲಕ್ಷ ಜನ ಬೆರಳಚ್ಚು ಕೊಟ್ಟು ಹೆಸರು ಬರೆಸಿದರು. ಮುಂದೆ ಮನೆ ಬದಲಿಸಲಿ, ಬಿಡಲಿ, ಪ್ರತಿವರ್ಷದ ಜನವರಿಯಲ್ಲಿ ವಿಳಾಸವನ್ನು ವರದಿಮಾಡುವ ಪದ್ಧತಿಯೂ ಬಂದಿತು. 1965ರ ಕಾನೂನಿನಿಂದ ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ವೈದ್ಯರೂ ಎಂಜಿನಿಯರರೂ ನಾಗರಿಕರಾಗುವವರೆಗೆ ಜನವರಿಗೊಮ್ಮೆ ಅಂಚೆ ಕಚೇರಿಯಿಂದ ಚೀಟಿ ತಂದು ತುಂಬಬೇಕಾಗಿತ್ತು. ಸಂಕ್ರಾಂತಿಗೆ ಎಳ್ಳು ಬೆಲ್ಲ ಸಿಕ್ಕದಿದ್ದರೂ ಈ ಚೀಟಿ ತಪ್ಪುತ್ತಿರಲಿಲ್ಲ. ಈ ವಾರ್ಷಿಕ ವರದಿಯ ಪದ್ಧತಿ 1981ರ ತಿದ್ದುಪಡಿಯಿಂದ ನಿಂತಿತು. ಹತ್ತು ದಿನಗಳ ನಿಯಮ ಮಾತ್ರ ಉಳಿಯಿತು. ಉಳಿಯಿತೆಂದರೆ ಪುಸ್ತಕದಲ್ಲಿ ಉಳಿಯಿತು. ಕೇಳುವವರು ವಿರಳವಾದ್ದರಿಂದ ತಿಳಿಸುವವರೂ ವಿರಳವಾದರು.

2001ರ ಸೆಪ್ಟೆಂಬರ್ 11ರ ಘಟನೆಯ ತರುವಾಯ ಗಾಳಿ ಬದಲಾಯಿತು. 2002ರ ಜುಲೈಯಲ್ಲಿ ಸರಕಾರವು ಆ ಹಳೆಯ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದಾಗಿ ಸಾರಿತು. ಅದೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಇನ್ನೊಂದು ಸಂಗತಿಯೂ ಬಯಲಾಯಿತು: ಜನರು ವಿಧೇಯರಾಗಿ ಕಳಿಸಿದ ವಿಳಾಸದ ಚೀಟಿಗಳು ಲಕ್ಷಗಟ್ಟಲೆಯಾಗಿ, ಯಾವ ಕಡತಕ್ಕೂ ಏರದೆ, ಕಾನ್ಸಾಸ್ ಸಿಟಿಯ ಸಮೀಪದ ನೆಲದಡಿಯ ಉಗ್ರಾಣವೊಂದರಲ್ಲಿ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ತಿಳಿಸದಿದ್ದರೆ ಪ್ರಜೆಯ ಅಪರಾಧ, ತಿಳಿಸಿದ್ದನ್ನು ದಾಖಲಿಸದಿದ್ದರೆ ಯಾರ ಅಪರಾಧವೂ ಅಲ್ಲ! ವಿದ್ಯಾರ್ಥಿ ನಿವಾಸದ ಒಂದೇ ಮೇಜಿನ ಸುತ್ತ ಕುಳಿತು ತೆಲುಗರೂ ತಮಿಳರೂ ಕನ್ನಡಿಗರೂ ಆ ನಮೂನೆಯನ್ನು ತುಂಬಿದ ರಾತ್ರಿಯನ್ನು ಆ ತರುಣ ಮರೆತಿಲ್ಲ. ಅಂದು ಅವನಿಗೆ ಅದು ಬರಿಯ ಭಯದ ಕೆಲಸವಾಗಿತ್ತು.

ಅದರ ನಿಜವಾದ ಅರ್ಥ ತಿಳಿದದ್ದು 2009ರಲ್ಲಿ. ಅಷ್ಟರಲ್ಲಿ ಅವನು ಉದ್ಯೋಗ ಹಿಡಿದು, ಮದುವೆಯಾಗಿ, ನ್ಯೂ ಜೆರ್ಸಿಯ ಎಡಿಸನ್ನಿನಲ್ಲಿ ಸಂಸಾರ ಹೂಡಿದ್ದನು. ಕಾಯಂ ನಿವಾಸಕ್ಕಾಗಿ 2007ರ ಬೇಸಿಗೆಯಲ್ಲಿ ಸಹಸ್ರಾರು ಭಾರತೀಯರೊಂದಿಗೆ ಅರ್ಜಿ ಹಾಕಿ, ಸರದಿಯಲ್ಲಿ ಕಾಯುತ್ತಿದ್ದನು. ಬಾಡಿಗೆ ಏರಿತೆಂದು ಎರಡು ಬೀದಿಗಳಾಚೆಗಿನ ಮನೆಗೆ ಹೋದರು. ಬ್ಯಾಂಕಿಗೆ, ವಿದ್ಯುತ್ತಿನವರಿಗೆ, ಕಚೇರಿಗೆ ತಿಳಿಸಿಯಾಯಿತು. ಅಂಚೆ ಕಚೇರಿಗೂ ಹೊಸ ವಿಳಾಸ ಕೊಟ್ಟದ್ದರಿಂದ ಬಂದ ಕಾಗದಗಳನ್ನೆಲ್ಲ ಅವರು ಹಿಂದೆಯೇ ಕಳಿಸುವರೆಂದು ಅವನು ನಿಶ್ಚಿಂತನಾಗಿದ್ದ.

ವಾರದ ಮೇಲೆ ಊರಿನಿಂದ ಫೋನು ಬಂದಿತು. ತಾಯಿಯ ಪ್ರಶ್ನೆ ಒಂದೇ: "ಹಾಲು ಉಕ್ಕಿಸಿದಿರೇನಪಾ?" ತಂದೆಯವರ ಪ್ರಶ್ನೆ ಬೇರೆ.

"ತಮ್ಮಾ, ಮನೀ ಬದಲಿ ಮಾಡಿದ್ದು ಯಾರ್ಯಾರಿಗೆ ತಿಳಿಸೀದಿ?"

ಮಗ ಪಟ್ಟಿ ಒಪ್ಪಿಸಿದ.

"ನಿನ್ನನ್ನ ಅಲ್ಲಿ ಇರಾಕ ಬಿಟ್ಟ ಸರಕಾರಕ್ಕ?"

"ಪೋಸ್ಟಿನವರಿಗೆ ಹೇಳೀನಿ ಅಪ್ಪಾ, ಅವರು ಕಳಸತಾರ."

"ಎಲ್ಲಾ ಕಾಗದಾ ಕಳಸಂಗಿಲ್ಲ. ವಾಪಸ್ ಹೋಗಬೇಕಂತ ಬರೆದದ್ದು ವಾಪಸ್ಸೇ ಹೋಗತೈತಿ. ಅದನ್ನ ಹಿಡಕೊಂಡು ಕೂಡಾಕ ಪೋಸ್ಟಿನಾಂವಗೂ ಹಕ್ಕಿಲ್ಲ."

ಸಮುದ್ರದಾಚೆಯ ಅಂಚೆಯನ್ನು ಕಾಣದ ಆ ಮುದುಕರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ವಲಸೆ ಇಲಾಖೆಯ ಲಕೋಟೆಗಳ ಮೇಲೆ, ವಿಳಾಸದಾರನಿಲ್ಲದಿದ್ದರೆ ಮರಳಿ ಕಳಿಸಬೇಕೆಂಬ ಸೂಚನೆಯಿರುತ್ತದೆ. ಅವು ಹೊಸ ಮನೆಗೆ ಹಿಂಬಾಲಿಸುವುದಿಲ್ಲ. ಬೆರಳಚ್ಚಿಗೆ ಬಾ ಎಂಬ ಕರೆಯೋಲೆ ಹೀಗೆ ಮರಳಿತೆನ್ನಿ. ಗೊತ್ತಾದ ದಿನ ಅರ್ಜಿದಾರ ಹೋಗುವುದಿಲ್ಲ. ಆ ಹೊತ್ತಿಗೆ ವಿಳಾಸ ಬದಲಾದ ಸೂಚನೆಯೂ ಇಲಾಖೆಗೆ ತಲುಪಿರದಿದ್ದರೆ ಅವನು ಅರ್ಜಿಯನ್ನೇ ಕೈಬಿಟ್ಟನೆಂದು ಪರಿಗಣಿಸುವುದು ನಿಯಮ. ವಲಸೆ ನ್ಯಾಯಾಲಯದಲ್ಲಿ ಪ್ರಕರಣವಿದ್ದವರ ಪಾಡು ಇನ್ನೂ ಕಠಿಣ. ಅವರು 5 ದಿನಗಳಲ್ಲಿ ನ್ಯಾಯಾಲಯಕ್ಕೆ ಬೇರೆಯಾಗಿ ತಿಳಿಸಬೇಕು. ಕೊನೆಯದಾಗಿ ಕೊಟ್ಟ ವಿಳಾಸಕ್ಕೆ ನೋಟೀಸು ಹೋದರೆ ಮುಟ್ಟಿದಂತೆಯೇ ಲೆಕ್ಕ. ಬಾರದವನ ಗೈರುಹಾಜರಿಯಲ್ಲೇ ಗಡೀಪಾರಿನ ಆಜ್ಞೆ ಹೊರಡಬಹುದು. ಮನುಷ್ಯ ಎಲ್ಲಿಯೇ ಉಂಡು ಮಲಗಿರಲಿ, ಕಾನೂನಿನ ದೃಷ್ಟಿಯಲ್ಲಿ ಅವನು ವಾಸವಾಗಿರುವುದು ತಾನು ಕೊನೆಗೆ ಬರೆದುಕೊಟ್ಟ ಸಾಲಿನಲ್ಲಿ.

ಒಂಬತ್ತನೆಯ ದಿನ ಅವನು ನಮೂನೆ ಸಲ್ಲಿಸಿದ. ಅಂದಿನ ವ್ಯವಸ್ಥೆಯಲ್ಲಿ ಅದರಿಂದ ಬಾಕಿ ಅರ್ಜಿಯ ಕಡತದಲ್ಲಿ ವಿಳಾಸ ತಾನಾಗಿ ತಿದ್ದುಪಡಿಯಾಗುತ್ತಿರಲಿಲ್ಲವಾದ್ದರಿಂದ, ರಸೀದಿ ಸಂಖ್ಯೆ ಕೊಟ್ಟು ಅದನ್ನೂ ತಿಳಿಸಿದ. ಹೆಂಡತಿಯದು ಬೇರೆಯೇ ಅರ್ಜಿ. ಅವಳದಕ್ಕೂ ಎರಡು ಸಲ. ಆರು ವಾರಗಳ ಮೇಲೆ ಬೆರಳಚ್ಚಿನ ಕರೆಯೋಲೆ ಹೊಸ ಮನೆಯ ಪೆಟ್ಟಿಗೆಗೇ ಬಂದು ಬಿದ್ದಿತು. ಅದೇ ಬೀದಿಯ ಇನ್ನೊಬ್ಬ ಗೃಹಸ್ಥನ ಓಲೆ ಹಳೆಯ ಮನೆಯಿಂದ ಮರಳಿಹೋಗಿ, ಕೈಬಿಟ್ಟ ಅರ್ಜಿಯನ್ನು ಮತ್ತೆ ತೆರೆಸುವುದಕ್ಕೆ ಅವನು ಶುಲ್ಕ ತೆತ್ತು, ವಕೀಲರನ್ನು ಹಿಡಿದು, ತಿಂಗಳುಗಟ್ಟಲೆ ನಿದ್ದೆಗೆಡಬೇಕಾಯಿತು.

ಇದನ್ನು ಓದಿ ಅಮೆರಿಕೆಯೊಂದನ್ನೇ ದೂರುವುದು ನ್ಯಾಯವಲ್ಲ. ಜರ್ಮನಿಯಲ್ಲಿ ಮನೆ ಬದಲಿಸಿದವರು ಎರಡು ವಾರಗಳಲ್ಲಿ ಪೌರ ಕಚೇರಿಗೆ ತಿಳಿಸಬೇಕು. ಆದರೆ ಅಲ್ಲಿ ಜರ್ಮನನೂ ತಿಳಿಸಬೇಕು, ಆದ್ದರಿಂದ ಪರಕೀಯನಿಗೆ ಅದು ಚುಚ್ಚುವುದಿಲ್ಲ. ನಮ್ಮಲ್ಲಿಯೂ ಬ್ರಿಟಿಷರ ಕಾಲದ 1939ರ ವಿದೇಶೀಯರ ನೋಂದಣಿ ಕಾನೂನು 2025ರವರೆಗೆ ಬಾಳಿ, ಆ ವರ್ಷದ ಹೊಸ ಶಾಸನಕ್ಕೆ ಎಡೆಗೊಟ್ಟಿತು. 1960ರಿಂದ ಬೈಲುಕುಪ್ಪೆಯಲ್ಲಿ ನೆಲೆನಿಂತು, ನಮ್ಮ ಮಳೆ ಬೆಳೆಗಳನ್ನು ಹಂಚಿಕೊಂಡ ಟಿಬೇಟಿಯನರು ನೋಂದಣಿ ಪತ್ರವನ್ನು ಕಾಪಾಡಿಕೊಂಡು ಬದುಕಿದವರು. ಮೈಸೂರಿನಿಂದ ಎರಡು ಗಂಟೆಯ ಹಾದಿಯಲ್ಲಿರುವ ಅವರ ಕಾಗದದ ಚಿಂತೆ ನಮಗೆ ತಿಳಿಯದೆ, ನಮ್ಮ ಮಕ್ಕಳು ಪರದೇಶಕ್ಕೆ ಹೋದಮೇಲೆಯೇ ಈ ನಿಯಮಗಳು ಕಠೋರವಾಗಿ ತೋರುತ್ತವೆ.

ಅವನು 2012ರಲ್ಲಿ ಕಾಯಂ ನಿವಾಸಿಯಾದ; 2017ರಲ್ಲಿ ನಾಗರಿಕನಾದ. ನಾಗರಿಕನಿಗೆ ಎ.ಆರ್. 11ರ ಹಂಗಿಲ್ಲ. ಆ ನಡುವೆ ತಂದೆ ತೀರಿಕೊಂಡಿದ್ದರು. 2019ರಲ್ಲಿ ಮಗನು ತಾಯಿಯ ಜೀವನ ನಿರ್ವಹಣೆಗೆ ತಾನೇ ಹೊಣೆಯೆಂದು ಪ್ರಮಾಣಪತ್ರ ಬರೆದುಕೊಟ್ಟು ಅವರನ್ನು ಕರೆಸಿಕೊಂಡ. 2021ರಲ್ಲಿ ಸ್ವಂತ ಮನೆ ಕೊಂಡಾಗ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ಕಾಯಂ ನಿವಾಸಿಯಾದ ತಾಯಿ 10 ದಿನಗಳಲ್ಲಿ ತಿಳಿಸಬೇಕು. ಹೊಣೆ ಹೊತ್ತ ಮಗನು, ನಾಗರಿಕನಾಗಿದ್ದರೂ, ಐ. 865 ಎಂಬ ಬೇರೊಂದು ನಮೂನೆಯಲ್ಲಿ 30 ದಿನಗಳೊಳಗೆ ತಿಳಿಸಬೇಕು. ತಪ್ಪಿದರೆ ಅವನಿಗೆ 250 ಡಾಲರಿನಿಂದ 2,000 ಡಾಲರಿನವರೆಗೆ ದಂಡ ಬೀಳಬಹುದು. ಒಂದೇ ಮನೆಗೆ ಎರಡು ಚೀಟಿ.

ಹೊಸ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ ಅವನು ತಾಯಿಯ ಮುಂದೆ ಕಾಗದವನ್ನಿಟ್ಟನು. ಸಹಿ ಇಂಗ್ಲೀಷಿನಲ್ಲೇ ಇರಬೇಕೆಂಬ ನಿರ್ಬಂಧ ಅಲ್ಲಿಲ್ಲ. ಮೂರನೆಯ ಇಯತ್ತೆಯವರೆಗೆ ಓದಿದ ಆ ತಾಯಿ ಕನ್ನಡಕವೇರಿಸಿ, ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ಬರೆದರು. ಬಳಿಕ ಕಾಗದವನ್ನು ತಿರುಗಿಸಿ ನೋಡಿ, "ಇದರಾಗ ಊರ ಹೆಸರು ಎಲ್ಲಿ ಬರೀಬೇಕೋ?" ಎಂದು ಕೇಳಿದರು.

ಊರ ಹೆಸರಿಗೆ ಅದರಲ್ಲಿ ಸ್ಥಳವಿರಲಿಲ್ಲ. ಹಿಂದಿನ ವಿಳಾಸ, ಈಗಿನ ವಿಳಾಸ, ಬದಲಾದ ತಾರೀಖು, ಇಷ್ಟೇ. ಮಗನು ಹಿಂದಿನದರಲ್ಲಿ ಎಡಿಸನ್ನಿನ ಮನೆಯನ್ನು ಬರೆದು, ಲಕೋಟೆಯನ್ನು ಅಂಟಿಸಿ, ರಸೀದಿ ದೊರೆಯುವ ಅಂಚೆಯಲ್ಲಿ ಅದನ್ನು ಕಳಿಸಿದನು.