ಬಿಲ್ ಇಲ್ಲದ ಸಾಫ್ಟ್‌ವೇರ್

(1/6)
ಫೋಟೋದಲ್ಲಿ ಕಾಣ್ತಿರೋದು ನಾನು ಪಾರ್ಟ್ ಟೈಮ್ ಹೋಗೋ ಟ್ಯಾಕ್ಸ್ ಆಫೀಸಿನ ಉದ್ದ ನೋಟ್‌ಬುಕ್. ನೀಲಿ ರಟ್ಟು, ಬೆನ್ನಿಗೆ ಬ್ರೌನ್ ಟೇಪ್, ಮೇಲೆ ಎರಡು ರಬ್ಬರ್ ಬ್ಯಾಂಡ್. ಒಳಗಿನ ಪುಟದ ಫೋಟೋ ಹಾಕಲ್ಲ, ಕೇಳ್ಬೇಡಿ.

ಹೊಸದಾಗಿ ಫಾಲೋ ಮಾಡಿರೋರಿಗೆ: ನಾನು ದಾವಣಗೆರೆಯವಳು, ಬಿಕಾಂ ಕೊನೇ ವರ್ಷ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಮೂರರಿಂದ ಏಳರವರೆಗೆ ಆಫೀಸು. ಅಲ್ಲಿ ಸರ್ ಒಬ್ಬರು, ಅಕೌಂಟ್ಸ್ ನೋಡೋ ಅಕ್ಕ ಒಬ್ಬರು, ಮತ್ತೆ ನಾನು. 83 ಜನ ಕ್ಲೈಂಟ್ಸ್. ದಿನಸಿ ಅಂಗಡಿ, ಬಟ್ಟೆ ಅಂಗಡಿ, ಮೆಕ್ಕೆಜೋಳದ ವ್ಯಾಪಾರದವರು, ಇಬ್ಬರು ಡಾಕ್ಟರು. ಇವರೆಲ್ಲರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಟಿಡಿಎಸ್ ಪಾಸ್‌ವರ್ಡ್ ಆ ನೋಟ್‌ಬುಕ್ಕಿನಲ್ಲಿತ್ತು. ಕೆಲವರದ್ದು ಇಮೇಲ್ ಪಾಸ್‌ವರ್ಡ್ ಕೂಡ. ಪೋರ್ಟಲ್ ಪಾಸ್‌ವರ್ಡ್ ಬದಲಾಯಿಸಿ ಅಂದಾಗಲೆಲ್ಲ ಹಳೇದಕ್ಕೆ ಗೀಟು ಹಾಕಿ ಪಕ್ಕದಲ್ಲಿ ಹೊಸದು ಬರೆಯೋದು. ಹೊಸದು ಅಂದ್ರೇನು, ಕೊನೆಯಲ್ಲಿದ್ದ 1 ಹೋಗಿ 2 ಆಗಿರೋದು, ಅಷ್ಟೇ.

ಹೋದ ವರ್ಷ ಸೆಪ್ಟೆಂಬರ್ 18ಕ್ಕೆ ಆ ಬುಕ್ ಕಾಣೆಯಾಯ್ತು. 20ಕ್ಕೆ 3ಬಿ ಕೊನೇ ದಿನ. ಈ ಫೀಲ್ಡಿನವರಿಗೆ ಆ ಎರಡು ದಿನ ಹೇಗಿರುತ್ತೆ ಅಂತ ವಿವರಿಸೋದು ಬೇಡ. ಉಳಿದವರಿಗೆ: ಮದುವೆ ಮನೆಯಲ್ಲಿ ತಾಳಿ ಕಳೆದುಹೋದ ಹಾಗೆ. ಸರ್ ಸ್ಕೂಟರ್ ಡಿಕ್ಕಿ ಮೂರು ಸಲ ತೆಗೆದು ನೋಡಿದ್ರು. ಅಕ್ಕ ಕ್ಲೈಂಟ್‌ಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಓಟಿಪಿ ಕೇಳಿ ಪಾಸ್‌ವರ್ಡ್ ರೀಸೆಟ್ ಮಾಡ್ತಾ ಕೂತ್ರು. 19ರ ಸಂಜೆ ಕೆಳಗಿನ ಜೆರಾಕ್ಸ್ ಅಂಗಡಿ ಹುಡುಗ ಮೆಟ್ಟಿಲು ಹತ್ತಿ ಬಂದು, "ಸರ್, ಇದು ನಿಮ್ದಾ? ಮೆಷಿನ್ ಮೇಲೇ ಬಿಟ್ಟು ಹೋಗಿದ್ರಿ" ಅಂತ ಕೊಟ್ಟ.

ಒಂದೂವರೆ ದಿನ ಅದು ಜೆರಾಕ್ಸ್ ಮೆಷಿನ್ ಪಕ್ಕದಲ್ಲಿತ್ತು. ಹುಡುಗ ಒಳ್ಳೆಯವನು, ಅದು ಬೇರೆ ಮಾತು. ಮೆಷಿನ್ನೇ ಎದುರಿಗಿದ್ದಾಗ ಬುಕ್ ಕದಿಯೋ ಅಗತ್ಯ ಯಾರಿಗಿದೆ ಹೇಳಿ?

(2/6)
ಮಾರನೇ ವಾರ ನಾನು ದೊಡ್ಡ ಮನುಷ್ಯಳ ಥರ ಹೋಗಿ ಹೇಳಿದೆ, "ಸರ್, ಕೀಪಾಸ್ ಅಂತ ಒಂದು ಸಾಫ್ಟ್‌ವೇರ್ ಇದೆ. ಎಲ್ಲಾ ಪಾಸ್‌ವರ್ಡ್ ಒಂದೇ ಫೈಲ್‌ನಲ್ಲಿ ಇರುತ್ತೆ, ಬೀಗ ಹಾಕಿರುತ್ತೆ. ನಾವು ನೆನಪಿಡೋದು ಒಂದೇ ಪಾಸ್‌ವರ್ಡ್."

"ಎಷ್ಟಮ್ಮಾ?"

"ಫ್ರೀ ಸರ್."

ಸರ್ ಕನ್ನಡಕ ತೆಗೆದ್ರು. "ಫ್ರೀ ಯಾಕೆ ಕೊಡ್ತಾನೆ? ಅವನಿಗೇನು ಲಾಭ?"

ಮೂವತ್ತು ವರ್ಷ ಊರಿನವರ ಲಾಭ ನಷ್ಟ ನೋಡಿದ ಮನುಷ್ಯ ಕೇಳೋ ಪ್ರಶ್ನೆ ಅದು, ಸರಿಯಾದ ಪ್ರಶ್ನೆಯೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಜಿನಿಯರಿಂಗ್ ಓದಿದ ದೊಡ್ಡಪ್ಪನ ಮಗ ಅಣ್ಣ ಬಳಸ್ತಿದ್ದ, ಅವನ ಪೆನ್‌ಡ್ರೈವಿನಿಂದ ನನಗೆ ಬಂದಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ. ಆ ರಾತ್ರಿ ಕೂತು ಓದಿದೆ.

ಕೀಪಾಸ್ ಮಾಡಿದವರು ಡೊಮಿನಿಕ್ ರೈಶ್ಲ್, ಜರ್ಮನಿಯವರು. ಮೊದಲು ಬಿಟ್ಟಿದ್ದು 2003ರಲ್ಲಿ, ಅಂದ್ರೆ ನಾನು ಹುಟ್ಟೋಕೂ ಮುಂಚೆ! ಅವತ್ತಿಂದ ಇವತ್ತಿನವರೆಗೂ ಅದನ್ನ ರಿಪೇರಿ ಮಾಡ್ತಾ, ಹೊಸ ವರ್ಷನ್ ಬಿಡ್ತಾನೇ ಇದ್ದಾರೆ. 1.x, 2.x ಅಂತ ಎರಡು ಸಾಲುಗಳಿವೆ, ಒಳಗಿನ ಕೋಡ್ ಬೇರೆ ಬೇರೆ, ಎರಡಕ್ಕೂ ಅಪ್‌ಡೇಟ್ ಬರುತ್ತೆ. ಅನುವಾದ ಮಾಡೋರು, ಪ್ಲಗಿನ್ ಬರೆಯೋರು ಬೇರೆಯವರಿದ್ದಾರೆ, ಆದ್ರೆ ಮುಖ್ಯ ಹೊಣೆ ಒಬ್ಬರದ್ದೇ. ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಯಾರು ಬೇಕಾದ್ರೂ ಓದಬಹುದು. ನಮ್ಮ ಪಾಸ್‌ವರ್ಡ್ ಫೈಲ್ ಅವರ ಸರ್ವರ್‌ಗೆ ಹೋಗಲ್ಲ. ನಮ್ಮ ಕಂಪ್ಯೂಟರಿನಲ್ಲೇ ಇರುತ್ತೆ.

(ಒಂದು ಮಾತು. ಆಫೀಸಿನಲ್ಲಿ ದಿನಾ ಜಿಪ್ ಫೈಲ್ ಬಿಚ್ಚೋ 7-ಜಿಪ್ ಕೂಡ ಇಂಥದ್ದೇ. ಇಗೋರ್ ಪಾವ್ಲೋವ್ ಅನ್ನೋ ರಷ್ಯನ್ ಡೆವಲಪರ್ 1999ರಲ್ಲಿ ಶುರು ಮಾಡಿದ್ದು. ಆ ಹೆಸರು ನಾನೂ ಆವತ್ತೇ ಮೊದಲು ಕೇಳಿದ್ದು.)

(3/6)
ಸರ್‌ಗೆ ಒಪ್ಪಿಗೆಯಾಗಿದ್ದು ಎರಡು ವಿಷಯಕ್ಕೆ. ಎರಡೂ ನಮ್ಮ ಸಿಲಬಸ್‌ದೇ ಅನ್ನೋದು ನನಗೆ ಮಜಾ.

ಒಂದು, ಆಡಿಟ್. 2016ರಲ್ಲಿ ಯುರೋಪಿಯನ್ ಒಕ್ಕೂಟ ತಾನು ಬಳಸೋ ಉಚಿತ ತಂತ್ರಾಂಶಗಳನ್ನ ಪರೀಕ್ಷೆ ಮಾಡಿಸ್ತು. ಯಾವುದನ್ನ ಮಾಡಿಸೋಣ ಅಂತ ಜನರನ್ನ ಕೇಳಿದಾಗ ಮುಂದೆ ಬಂದ ಹೆಸರುಗಳಲ್ಲಿ ಕೀಪಾಸ್ ಇತ್ತು. ಕೋಡ್ ಪೂರ್ತಿ ಜಾಲಾಡಿದ್ರು. ಅತಿ ಗಂಭೀರ ಅನ್ನೋ ದೋಷ ಸಿಗಲಿಲ್ಲ.

"ಸ್ಟಾಚುಟರಿ ಆಡಿಟ್ ಆಗಿದೆ ಅನ್ನು" ಅಂದ್ರು ಸರ್.

ಎರಡನೇದು ಅದೇ ವರ್ಷದ ಒಂದು ಜಗಳ. ಕೀಪಾಸ್ "ಹೊಸ ವರ್ಷನ್ ಬಂದಿದೆಯಾ" ಅಂತ ತನ್ನ ಸೈಟಿಗೆ ಕೇಳ್ತಿದ್ದದ್ದು ಎಚ್‌ಟಿಟಿಪಿ ದಾರಿಯಲ್ಲಿ. ಎಚ್‌ಟಿಟಿಪಿ ಅಂದ್ರೆ ಅಂಚೆ ಕಾರ್ಡು, ದಾರಿಯಲ್ಲಿ ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು. ಎಚ್‌ಟಿಟಿಪಿಎಸ್ ಅಂದ್ರೆ ಅಂಟಿಸಿದ ಲಕೋಟೆ. ಮಧ್ಯದಲ್ಲಿ ಕೂತವನೊಬ್ಬ ಸುಳ್ಳು ಉತ್ತರ ಕೊಟ್ಟು ಜನರನ್ನ ಕಳ್ಳ ಸಾಫ್ಟ್‌ವೇರ್ ಕಡೆ ತಿರುಗಿಸಬಹುದು ಅಂತ ಒಬ್ಬರು ತೋರಿಸಿಕೊಟ್ರು. ಅದಕ್ಕೆ ರೈಶ್ಲ್ ಕೊಟ್ಟ ಕಾರಣ ಏನು ಗೊತ್ತಾ? ಲಕೋಟೆಗೆ ಬದಲಾದ್ರೆ ಸೈಟಿನ ಜಾಹೀರಾತಿನ ಆದಾಯ ಹೋಗುತ್ತೆ, ಅದು ತನ್ನಿಂದ ಆಗಲ್ಲ ಅಂತ.

ಜನ ಚೆನ್ನಾಗಿ ಬೈದ್ರು. ನನಗೂ ಮೊದಲು ಸಿಟ್ಟೇ ಬಂತು. ಬೀಗ ಮಾಡೋನು ಬಾಗಿಲು ತೆಗೆದಿಟ್ಟ ಹಾಗಲ್ವಾ? ಆಮೇಲೆ ಯೋಚನೆ ಮಾಡಿದೆ. ಬೈದವರಲ್ಲಿ ಎಷ್ಟು ಜನ ಅವರಿಗೆ ಒಂದು ರೂಪಾಯಿ ಕೊಟ್ಟಿದ್ರು? ಜಾಹೀರಾತು ಬಿಟ್ಟರೆ ಉಳಿದಿದ್ದು ಯಾರಾದ್ರೂ ಇಷ್ಟಪಟ್ಟು ಕೊಡೋ ದೇಣಿಗೆ. ತಪ್ಪು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ತಪ್ಪಿನ ಬ್ಯಾಲೆನ್ಸ್ ಶೀಟಿನಲ್ಲಿ ನಮ್ಮ ಹೆಸರೂ ಇದೆ ಅನ್ನಿಸ್ತು.

ಅವರು ಸುಮ್ಮನೆ ಕೂರಲಿಲ್ಲ. ಆ ವರ್ಷನ್ ಮಾಹಿತಿಗೆ ಡಿಜಿಟಲ್ ಸಹಿ ಹಾಕೋದು ಶುರು ಮಾಡಿದ್ರು. ದಾರಿಯಲ್ಲಿ ಯಾರಾದ್ರೂ ತಿದ್ದಿದ್ರೆ ಸಹಿ ತಾಳೆಯಾಗಲ್ಲ. ಆಮೇಲೆ ಸೈಟೂ ಲಕೋಟೆಗೆ ಬಂತು. ಇದನ್ನ ಸರ್‌ಗೆ ಹೇಳೋದು ಸುಲಭವಾಯ್ತು. ಡ್ರಾಯರ್‌ನಲ್ಲಿ ಕ್ಲೈಂಟ್‌ಗಳ ಡಿಎಸ್‌ಸಿ ಟೋಕನ್ ಇಟ್ಟುಕೊಂಡೇ ಕೂತಿರ್ತಾರಲ್ಲ. "ಅವರೂ ಡಿಎಸ್‌ಸಿ ಹಾಕೇ ಕಳಿಸ್ತಾರೆ ಸರ್" ಅಂದೆ. "ಹಂಗಾದ್ರೆ ಹಾಕು" ಅಂದ್ರು.

ನಾಲ್ಕು ಸಂಜೆ ಕೂತು 83 ಜನರ ಪಾಸ್‌ವರ್ಡ್ ತುಂಬಿಸಿದೆ. ಅಕ್ಕ ಓದೋದು, ನಾನು ಟೈಪ್ ಮಾಡೋದು. ಹೋದ ಜಾಗದಲ್ಲೆಲ್ಲ ಎರಡು ವಾರ ಈ ಕಥೆ ಹೇಳಿ ಹೊಗಳಿಸಿಕೊಂಡೆ. ಇನ್ನು ಮುಂದಿನದು ನನ್ನ ತಪ್ಪಿನ ಕಥೆ.

(4/6)
ಫೆಬ್ರುವರಿಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪ್ ನನಗೆ ಬಂತು. ಅದಕ್ಕೆ ಕೀಪಾಸ್ ಹಾಕೋಣ ಅಂತ ಈ ಸಲ ಪೆನ್‌ಡ್ರೈವ್ ಬಿಟ್ಟು ಅವರ ಸೈಟಿಗೇ ಹೋದೆ. ಅಲ್ಲಿ ಹಳೇ ವರ್ಷನ್‌ಗಳಲ್ಲಿ ಏನೇನು ಬದಲಾಯ್ತು ಅಂತ ಪಟ್ಟಿ ಇರುತ್ತೆ. ಸುಮ್ಮನೆ ಕೆಳಗೆ ಸ್ಕ್ರಾಲ್ ಮಾಡ್ತಾ 2.54 ಹತ್ತಿರ ನಿಂತೆ.

ಮೇ 2023ರಲ್ಲಿ ಕೀಪಾಸ್ 2.x ಸಾಲಿನಲ್ಲಿ ಒಂದು ಕಿಂಡಿ ಇದೆ ಅಂತ ಬಹಿರಂಗವಾಗಿತ್ತು. ನಾವು ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಚುಕ್ಕಿ ಕಾಣುತ್ತಲ್ಲ, ಆ ಪೆಟ್ಟಿಗೆಯಲ್ಲೇ ಇತ್ತು ಸಮಸ್ಯೆ. ಒಂದೊಂದು ಅಕ್ಷರ ಒತ್ತಿದಾಗಲೂ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದು ಚೂರು ಉಳಿದುಬಿಡ್ತಿತ್ತು. ಪಾಸ್‌ವರ್ಡ್ "ಕಮಲ" ಅಂತಿಟ್ಟುಕೊಳ್ಳಿ. ಎರಡನೇ ಅಕ್ಷರಕ್ಕೆ "•ಮ", ಮೂರನೇದಕ್ಕೆ "••ಲ". ಮೆಮೊರಿಯನ್ನ ನಕಲು ಮಾಡಿಕೊಂಡವರಿಗೆ ಮೊದಲ ಅಕ್ಷರ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತೆ. "_ಮಲ" ಅಂತ ಸಿಕ್ಕರೆ ಕಮಲಾನೋ ವಿಮಲಾನೋ ಅಂತ ಊಹೆ ಮಾಡೋಕೆ ಎಷ್ಟು ಹೊತ್ತು?

ಹೆದರಬೇಡಿ, ಎಲ್ಲೋ ದೂರ ಕೂತವನು ಬರೀ ಇಂಟರ್‌ನೆಟ್ ಮೂಲಕ ಇದನ್ನ ಮಾಡೋಕಾಗಲ್ಲ. ಅವನ ಕೈ ಮೊದಲೇ ನಿಮ್ಮ ಕಂಪ್ಯೂಟರಿನೊಳಗೆ ಬಂದಿರಬೇಕು. ವೈರಸ್ ಮೂಲಕವೋ, ಮೆಷಿನ್ನೇ ಕೈಗೆ ಸಿಕ್ಕೋ. ರೈಶ್ಲ್ ಜೂನ್ 2023ರ ಮೊದಲ ವಾರದಲ್ಲೇ 2.54 ಬಿಟ್ಟು ಕಿಂಡಿ ಮುಚ್ಚಿದ್ರು. ಚೂರು ಉಳಿಯದ ಹಾಗೆ ಪೆಟ್ಟಿಗೆಯನ್ನ ಬೇರೆ ರೀತಿ ಬರೆದ್ರು. ಅದು ಸಾಲದು ಅಂತ, ಹುಡುಕೋನಿಗೆ ದಾರಿ ತಪ್ಪಲಿ ಅಂತ ಮೆಮೊರಿಯಲ್ಲಿ ಸುಳ್ಳು ಚೂರುಗಳನ್ನೂ ಹಾಕಿದ್ರು. ಇದು ನನಗೆ ತುಂಬಾ ಇಷ್ಟವಾಯ್ತು. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ.

ಓದಿ ಮೆಚ್ಚಿಕೊಂಡು ಮುಗಿಸೋ ಹೊತ್ತಿಗೆ ಎದೆ ಧಸಕ್ಕೆಂತು. ಅಣ್ಣನ ಪೆನ್‌ಡ್ರೈವ್ ಕಾಪಿ ಯಾವ ಕಾಲದ್ದು?

ಮಾರನೇ ದಿನ ಆಫೀಸಿಗೆ ಹೋದವಳೇ ಹೆಲ್ಪ್ ಒತ್ತಿ, ಅಬೌಟ್ ನೋಡಿದೆ. 2.53.

(5/6)
ಕೀಪಾಸ್ ತಾನಾಗೇ ಅಪ್‌ಡೇಟ್ ಆಗಲ್ಲ. ಹೊಸದು ಬಂದಿದೆ ಅಂತ ಹೇಳುತ್ತೆ, ಅದೂ ನಾವು ಹೂಂ ಅಂದಿದ್ರೆ. ಮೊದಲ ಸಲ ತೆರೆದಾಗ ಅದು ಕೇಳಿತ್ತು. ನಾನು ಬೇಡ ಅಂತ ಒತ್ತಿದ್ದೆ. ಯಾಕೆ ಅಂದ್ರೆ ನನಗೆ ಆ ಥರ ಪಾಪ್‌ಅಪ್ ಕಂಡ್ರೆ ಆಗಲ್ಲ. ಜರ್ಮನಿಯಲ್ಲಿ ಒಬ್ಬರು ಸುಮ್ಮನೆ ಕೂತು ಕಿಂಡಿ ಮುಚ್ಚಿ ಒಂದೂವರೆ ವರ್ಷ ದಾಟಿತ್ತು. ಅಂಥ ಕಿಂಡಿ ಇರೋ ಡಬ್ಬಿಯನ್ನೇ ನಾನು ತಂದು, 83 ಜನರ ಬೀಗದ ಕೈ ಅದರಲ್ಲಿ ತುಂಬಿಸಿ, ಐದು ತಿಂಗಳು ಇಟ್ಟಿದ್ದೆ. ನಮ್ಮ ಆಫೀಸಿನ ಕಂಪ್ಯೂಟರ್ ಗೊತ್ತಲ್ಲ, ಬಂದ ಕ್ಲೈಂಟ್‌ಗಳ ಪೆನ್‌ಡ್ರೈವ್ ಎಲ್ಲಾ ಅದಕ್ಕೇ ಚುಚ್ಚೋದು.

ಶನಿವಾರ ಯಾರಿಗೂ ಹೇಳದೆ ಹೊಸ ವರ್ಷನ್ ಹಾಕಿಬಿಟ್ಟೆ. ಅಲ್ಲೂ ಒಂದು ಹಳ್ಳ ಇದೆ, ನೋಡಿಕೊಳ್ಳಿ. ಅಕ್ಟೋಬರ್ 2023ರಲ್ಲಿ ಕೀಪಾಸ್ ಅಂತ ಹುಡುಕಿದವರಿಗೆ ಮೇಲೇ ಒಂದು ಜಾಹೀರಾತು ಕಾಣ್ತಿತ್ತು. ಒತ್ತಿದ್ರೆ ಥೇಟ್ ಅದೇ ವಿಳಾಸ, ಇಂಗ್ಲಿಷ್ ಕೆ ಅಕ್ಷರದ ಕೆಳಗೆ ಒಂದು ಚಿಕ್ಕ ಬಾಲ ಇದ್ದದ್ದು ಬಿಟ್ಟು. ಅಲ್ಲಿಂದ ಇಳಿಯೋದು ಕಳ್ಳಮಾಲು. ಸ್ಕ್ರೀನ್ ಮೇಲಿನ ಧೂಳು ಅನ್ಕೊಂಡು ಒರೆಸಿಬಿಡಬೇಕು, ಅಷ್ಟು ಚಿಕ್ಕದು. ಅದಕ್ಕೆ ವಿಳಾಸ ನಾನೇ ಟೈಪ್ ಮಾಡಿದೆ: ಕೀಪಾಸ್ ಡಾಟ್ ಇನ್ಫೋ.

ಕೆಲಸ ಹತ್ತು ನಿಮಿಷದ್ದು. ಭಾನುವಾರ ಪೂರ್ತಿ ನಿದ್ದೆ ಇಲ್ಲ. ಡಬ್ಬಿ ಬದಲಾಯ್ತು, ಆದ್ರೆ ಐದು ತಿಂಗಳಲ್ಲಿ ಯಾರಾದ್ರೂ ಒಳಗೆ ಇಣುಕಿದ್ರಾ? ಏನೂ ಆಗಿಲ್ಲ ಅಂತ ನನಗೆ ಅನ್ನಿಸುತ್ತೆ. ಆದ್ರೆ ಆಡಿಟಿಂಗ್ ಪೇಪರ್‌ನಲ್ಲಿ "ನನಗೆ ಅನ್ನಿಸುತ್ತೆ" ಅಂತ ಬರೆದ್ರೆ ಎಷ್ಟು ಮಾರ್ಕ್ಸ್ ಕೊಡ್ತಾರೆ? ರೈಶ್ಲ್ ತಮ್ಮ ತಪ್ಪನ್ನ ವರ್ಷನ್ ನಂಬರ್ ಸಮೇತ ಊರಿಗೆಲ್ಲ ಕಾಣೋ ಹಾಗೆ ಬರೆದಿಟ್ಟಿದ್ದಾರೆ. ಅದನ್ನ ಓದಿದ್ದಕ್ಕೇ ನನಗೆ ಗೊತ್ತಾಗಿದ್ದು. ನಾನು ಮಾತ್ರ ಶನಿವಾರ ಬಾಗಿಲು ಮುಚ್ಚಿಕೊಂಡು ಸರಿ ಮಾಡಿದ್ದೆ.

ಸೋಮವಾರ ಹೇಳಿದೆ. ಸರ್ ಬೈಯ್ಯಲಿಲ್ಲ. ಬೈದಿದ್ರೆ ವಾಸಿಯಿತ್ತು. ಟೀ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಎಲ್ಲಾ ಬದಲಾಯಿಸ್ಬೇಕಲ್ಲಮ್ಮಾ" ಅಂದ್ರು. ಮೊದಲು ಮಾಸ್ಟರ್ ಪಾಸ್‌ವರ್ಡ್, ಆಮೇಲೆ 83 ಜನರದ್ದು. ಪ್ರತಿ ಒಬ್ಬರಿಗೂ ಫೋನ್, ಪ್ರತಿ ಒಬ್ಬರ ಓಟಿಪಿ. "ಯಾಕೆ, ಏನಾಯ್ತು?" ಅಂತ ಎಲ್ಲರೂ ಕೇಳಿದ್ರು. ಉತ್ತರ ನಾನೇ ಹೇಳ್ಬೇಕು ಅನ್ನೋದು ಸರ್ ಹಾಕಿದ ಶಿಕ್ಷೆ. ಬಟ್ಟೆ ಅಂಗಡಿ ಅಜ್ಜ ಒಬ್ಬರು ಪೂರ್ತಿ ಕೇಳಿಸಿಕೊಂಡು, "ಆ ಬುಕ್ಕೇ ಚೆನ್ನಾಗಿತ್ತಲ್ಲವ್ವಾ" ಅಂದ್ರು. ನಾಲ್ಕು ದಿನ ಹಿಡೀತು.

(6/6)
ಈಗ ಹೇಗಿದೆ ಅಂದ್ರೆ: ಪಾಸ್‌ವರ್ಡ್‌ಗಳನ್ನ ಕೀಪಾಸೇ ಹುಟ್ಟಿಸುತ್ತೆ, ನಮಗ್ಯಾರಿಗೂ ಬಾಯಿಪಾಠ ಇಲ್ಲ. ಮಾಸ್ಟರ್ ಪಾಸ್‌ವರ್ಡ್ ಮರೆತರೆ "ಫರ್ಗಾಟ್ ಪಾಸ್‌ವರ್ಡ್" ಅಂತ ಬಟನ್ ಇಲ್ಲ, ಜರ್ಮನಿಗೆ ಫೋನ್ ಮಾಡಿದ್ರೂ ಅವರ ಹತ್ತಿರ ನಕಲಿ ಕೀಲಿ ಇಲ್ಲ. ಅದಕ್ಕೆ ಸರ್ ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಮನೆಯ ಬೀರುವಿನಲ್ಲಿ ಇಟ್ಟಿದ್ದಾರೆ. ನೀಲಿ ನೋಟ್‌ಬುಕ್ಕಿನ ಹಾಳೆಗಳು ಈ ಫೋಟೋ ತೆಗೆದ ಸಂಜೆ ನಮ್ಮನೆ ಹಂಡೆ ಒಲೆಗೆ ಹೋದವು. ಅಜ್ಜಿಗೆ ಖುಷಿ, ನೀರು ಬೇಗ ಕಾಯ್ತು.

ಮಾರ್ಚ್ ಕೊನೆಗೆ ಆಫೀಸಿನ ಖರ್ಚಿನ ಪಟ್ಟಿ ಮಾಡ್ತಾ ಇದ್ದೆ. ಟ್ಯಾಲಿ ಇದೆ, ಆಂಟಿವೈರಸ್ ಇದೆ, ಟೋನರ್, ಕುಡಿಯೋ ನೀರಿನ ಕ್ಯಾನ್, ಎಲ್ಲಾ ಇದೆ. ಕೀಪಾಸ್ ಎಲ್ಲೂ ಇಲ್ಲ. ಇರೋಕೆ ಸಾಧ್ಯವೂ ಇಲ್ಲ, ಸೊನ್ನೆಗೆ ವೋಚರ್ ಬರೆಯಲ್ಲ. ಸರ್‌ಗೆ ಹೇಳಿದೆ, ಸೈಟಿನಲ್ಲಿ ದೇಣಿಗೆ ಕೊಡೋ ಪುಟ ಇದೆ, ಆಂಟಿವೈರಸ್‌ಗೆ ಕೊಡೋದರಲ್ಲಿ ಕಾಲು ಭಾಗನಾದ್ರೂ ಕೊಡೋಣ ಅಂತ.

"ಬಿಲ್ ಕೊಡ್ತಾನಾ?"

"ಗೊತ್ತಿಲ್ಲ ಸರ್."

"ಬಿಲ್ ಇಲ್ದೆ ಯಾವ ಹೆಡ್ಡಿಗೆ ಹಾಕ್ತೀಯಮ್ಮಾ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಡ್ರಾಯಿಂಗ್ಸ್‌ಗೆ ಹಾಕು" ಅಂದ್ರು.

ಗೋಡೆ ಕ್ಯಾಲೆಂಡರಿನಲ್ಲಿ 11ಕ್ಕೆ ಆರ್-1, 20ಕ್ಕೆ 3ಬಿ ಅಂತ ಕೆಂಪು ಪೆನ್ನಲ್ಲಿ ಬರೆದಿರುತ್ತೆ. 1ನೇ ತಾರೀಖಿನ ಮನೆಯಲ್ಲಿ ಈಗ ನನ್ನ ಅಕ್ಷರದಲ್ಲಿ "ವರ್ಷನ್ ನೋಡು" ಅಂತ ಇದೆ, ಕೊನೇ ಫೋಟೋದಲ್ಲಿ ಕಾಣುತ್ತೆ. ಪಕ್ಕದ ಟಿಕ್ ಮಾರ್ಕ್ ಸರ್‌ದು. ನಾನು ಆವತ್ತು ರಜೆ ಇದ್ದೆ.