ರೊದ್ದಂ ದಾರಿಯ ಗಾಳಿಮರೆ

ಹಿಂದೂಪುರದಿಂದ ಉತ್ತರಕ್ಕೆ ಹೊರಟ ಬಸ್ಸು ಪರಿಗಿಯನ್ನು ದಾಟಿ ರೊದ್ದಂ ಸೇರುವಾಗ ಹೊತ್ತು ಇಳಿಯುತ್ತಿತ್ತು. ಆಷಾಢದ ಗಾಳಿ ಬೀಸುತ್ತಿತ್ತು. ಮಳೆಯ ಆಸೆ ತೋರಿಸಿ ಮೋಡಗಳನ್ನೆಲ್ಲ ಪೂರ್ವಕ್ಕೆ ಅಟ್ಟಿಬಿಡುವ ಆ ಗಾಳಿಯನ್ನು ಈ ಸೀಮೆಯವರಿಗೆ ನಾನು ಪರಿಚಯಿಸಬೇಕಾಗಿಲ್ಲ. ರಾಮಗಿರಿಯ ಕಡೆಯ ಗುಡ್ಡಗಳ ಮೇಲೆ ವಿದ್ಯುತ್ತಿನ ಗಾಳಿಯಂತ್ರಗಳು ನಿಂತಿರುವುದೂ ಅದನ್ನೇ ನಂಬಿ.

ರೊದ್ದಂ ಪೆನ್ನೆಯ ದಂಡೆಯ ಊರು. ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಆಂಧ್ರವನ್ನು ಹೊಕ್ಕು ಇಲ್ಲಿಗೆ ಬರುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಮತ್ತೊಮ್ಮೆ ಕರ್ನಾಟಕದ ಮುಖ ನೋಡಿ ಮುಂದೆ ಸಾಗುತ್ತದೆ. ಶಾಸನಗಳಲ್ಲಿ ಈ ನಾಡು ‘ರೊದ್ದ ಮುನ್ನೂರು’. ೧೮೮೨ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆಯಲ್ಲಿದ್ದ ಊರು ೨೦೨೨ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಹೊಳೆಯ ಮರಳು, ಶೇಂಗಾದ ಹೊಲ ಬದಲಾಗಿಲ್ಲ.

ಈ ಊರಿನ ಹೆಸರನ್ನು ಜಗತ್ತಿನ ವಿಜ್ಞಾನಲೋಕಕ್ಕೆ ಒಯ್ದವರು ರೊದ್ದಂ ನರಸಿಂಹ (೧೯೩೩-೨೦೨೦). ಅವರ ಮನೆತನದ ಮೂಲ ಇದೇ ಊರು. ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗ ಗಾಳಿ ನೀರುಗಳ ಹರಿವನ್ನೇ ಬದುಕಿನ ವ್ಯಾಸಂಗವಾಗಿ ಮಾಡಿಕೊಂಡರು. ಹರಿವಿಗೆ ಅಡ್ಡ ನಿಂತ ವಸ್ತುವಿನ ಬೆನ್ನ ಹಿಂದೆ ಏಳುವ ಕದಡಿದ ಪ್ರವಾಹವು ಹೇಗೆ ಮೆಲ್ಲಮೆಲ್ಲನೆ ಸಮಸ್ಥಿತಿಗೆ ಮರಳುತ್ತದೆ ಎಂಬುದನ್ನು ಕುರಿತು ಅವರು ಎ. ಪ್ರಭು ಅವರೊಡನೆ ೧೯೭೨ರಲ್ಲಿ ಪ್ರಬಂಧ ಪ್ರಕಟಿಸಿದರು.

ಇದನ್ನು ನಾನು ಹೇಳುತ್ತಿದ್ದುದು ಜೊತೆಗೆ ಬಂದಿದ್ದ ಸೋದರಳಿಯನಿಗೆ. ಅಷ್ಟರಲ್ಲಿ ಇಬ್ಬರು ಹುಡುಗರು ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತ ಬಂದರು. ದೊಡ್ಡವನು ಮುಂದೆ ಬಾಗಿ ತುಳಿಯುತ್ತಿದ್ದ. ಚಿಕ್ಕವನು ಅವನ ಹಿಂದಿನ ಗಾಲಿಗೆ ಅಂಟಿಕೊಂಡಂತೆ ಬರುತ್ತಿದ್ದ. ಅಂತರ ಹೆಚ್ಚಾದಾಗ ದೊಡ್ಡವನು ತಿರುಗಿ ನೋಡಿ ವೇಗ ತಗ್ಗಿಸುವನು.

“ನಮ್ಮ ಸ್ಪರ್ಧೆಯಲ್ಲಾದರೆ ಆ ಚಿಕ್ಕವನಿಗೆ ಐದು ನಿಮಿಷದ ದಂಡ, ಮಾವ,” ಎಂದ ಅಳಿಯ.

ಅವನು ಬೆಂಗಳೂರಿನಲ್ಲಿದ್ದು ಟ್ರಯಥ್ಲಾನಿಗೆ ಅಭ್ಯಾಸ ಮಾಡುವವನು. ಈಜು, ಸೈಕಲ್, ಓಟ, ಮೂರೂ ಒಂದೇ ಉಸಿರಿಗೆ. ಐರನ್‌ಮ್ಯಾನ್ ಎಂಬ ದೀರ್ಘ ಸ್ಪರ್ಧೆಯಲ್ಲಿ ೩.೮ ಕಿಲೋಮೀಟರ್ ಈಜಿ, ೧೮೦ ಕಿಲೋಮೀಟರ್ ಸೈಕಲ್ ತುಳಿದು, ೪೨.೨ ಕಿಲೋಮೀಟರ್ ಓಡಬೇಕು. ವೇಗದ ಸವಾರನ ಶ್ರಮದಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ; ಮುಂದಿನವನ ಮರೆಯಲ್ಲಿ ಹೋದವನಿಗೆ ಅದರಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಉಳಿಯಬಹುದು. ಆದುದರಿಂದ ಅಲ್ಲಿ ಗಾಳಿಮರೆ ನಿಷಿದ್ಧ. ಸೈಕಲ್ಲಿಗೂ ಸೈಕಲ್ಲಿಗೂ ೧೨ ಮೀಟರ್ ಅಂತರವಿರಬೇಕೆಂಬುದು ಬಹುಕಾಲ ನಡೆದುಬಂದ ನಿಯಮ. ವೃತ್ತಿಪರರಿಗೆ ೨೦ ಮೀಟರ್ ವಿಧಿಸುವ ಸ್ಪರ್ಧೆಗಳೂ ಉಂಟು. ಆದರೆ ೨೦೦೦ದಲ್ಲಿ ಸಿಡ್ನಿಯಲ್ಲಿ ಮೊದಲಾದ ಒಲಿಂಪಿಕ್ ಟ್ರಯಥ್ಲಾನಿನಲ್ಲಿ ಇದಕ್ಕೆ ಅನುಮತಿಯಿದೆ. ಮರೆಯಲ್ಲಿ ತಾನಾಗಿ ಪಾಪವಿಲ್ಲವೆಂದಾಯಿತು. ಒಪ್ಪಿಬಂದ ಮಾತನ್ನು ಮುರಿಯುವುದರಲ್ಲಿದೆ.

ಹೊಳೆಯ ಮರಳಿನ ಮೇಲೆ ಕುಳಿತೆವು. ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕಣ್ಣೆತ್ತದೆಯೇ ಹೇಳಿದ: “ಹೋದ ವರ್ಷದ ಸ್ಪರ್ಧೆಯಲ್ಲಿ ನಾನೂ ಹಾಗೆ ಹೋದೆ, ಮಾವ. ನಾಲ್ಕೈದು ಕಿಲೋಮೀಟರ್. ಎದುರುಗಾಳಿ, ಕಾಲು ಸೋತಿತ್ತು. ತೀರ್ಪುಗಾರರು ಯಾರೂ ಹತ್ತಿರದಲ್ಲಿರಲಿಲ್ಲ. ನನ್ನ ವಯಸ್ಸಿನವರಲ್ಲಿ ಮೂರನೆಯವನಾದೆ. ನಾಲ್ಕನೆಯವನು ಬಂದು ಕೈಕುಲುಕಿದ. ಪದಕವನ್ನು ಅಮ್ಮ ನಡುಮನೆಯ ಗೋಡೆಗೆ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ.”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಪತ್ರಿಕೆಯಲ್ಲಿ ಓದಿದ್ದೊಂದು ನೆನಪಾಯಿತು. ೨೦೨೦ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಸಾಂತಾಂದೇರ್ ನಗರದ ಟ್ರಯಥ್ಲಾನಿನಲ್ಲಿ ಮೂರನೆಯ ಸ್ಥಾನದಲ್ಲಿದ್ದ ಇಂಗ್ಲೆಂಡಿನ ಜೇಮ್ಸ್ ಟೀಗಲ್ ಗುರಿಯ ಸಮೀಪದಲ್ಲಿ ದಾರಿ ತಪ್ಪಿದ. ಹಿಂದಿದ್ದ ಸ್ಪೇನಿನ ದಿಯೇಗೊ ಮೆಂತ್ರಿದ ಸಲೀಸಾಗಿ ಮುಂದಾಗಿದ್ದ. ಆದರೆ ಗೆರೆಯ ಮುಂದೆ ನಿಂತು, ಟೀಗಲ್ ಬರುವವರೆಗೆ ಕಾದು, ಅವನನ್ನೇ ಮೊದಲು ದಾಟಗೊಟ್ಟ. ಆ ಸ್ಥಾನ ಅವನದೇ ಎಂಬುದು ಮೆಂತ್ರಿದನ ನಂಬಿಕೆ.

“ಆ ಕಥೆ ನನಗೂ ಗೊತ್ತು,” ಎಂದ ಅಳಿಯ. “ಅದನ್ನು ಓದಿದ ಮೇಲೆಯೇ ನಿದ್ದೆ ಕೆಟ್ಟದ್ದು. ಸಂಘಟಕರಿಗೆ ಬರೆದು ಪದಕ ಹಿಂದಿರುಗಿಸಬಹುದು. ಅಮ್ಮನಿಗೆ ಹೇಗೆ ಹೇಳಲಿ?”

ಅಕ್ಕನನ್ನು ನಾನು ಬಲ್ಲೆ. ಇಬ್ಬರೂ ಬೆಳೆದದ್ದು ಒಂದೇ ಮನೆಯಲ್ಲಿ. ಸಂತೆಯ ವರ್ತಕ ತಪ್ಪಿ ಹೆಚ್ಚು ಕೊಟ್ಟ ಚಿಲ್ಲರೆಯನ್ನು ಮರುವಾರ ನಡೆದುಹೋಗಿ ಕೊಟ್ಟು ಬರುತ್ತಿದ್ದ ತಾಯಿಯ ಮಗಳು ಅವಳು.

“ಅವಳಿಗೆ ನೀನೇ ಹೇಳು,” ಎಂದೆ. “ಒಂದು ದಿನ ಅಳುತ್ತಾಳೆ. ಪದಕವನ್ನು ತೆಗೆದು ಕಳಿಸು. ಮೊಳೆ ಅಲ್ಲಿಯೇ ಇರಲಿ.”

ಕತ್ತಲಾಗುವ ಮುನ್ನ ಹಿಂದೂಪುರದ ಬಸ್ಸು ಹಿಡಿದೆವು. ದಾರಿಯಲ್ಲಿ ಮತ್ತೆ ಆ ಹುಡುಗರು ಕಂಡರು. ಈಗ ಚಿಕ್ಕವನು ಮುಂದೆ ಬಂದು ತುಳಿಯುತ್ತಿದ್ದ. ದೊಡ್ಡವನು ಹಿಂದೆ ದಣಿವಾರಿಸಿಕೊಳ್ಳುತ್ತ ಬರುತ್ತಿದ್ದ. ಅಳಿಯ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದು, ಅವರು ಮರೆಯಾದ ಮೇಲೆ ಜೇಬಿನಿಂದ ಫೋನನ್ನು ತೆಗೆದು, “ಅಮ್ಮ, ನಾಳೆ ಊಟಕ್ಕೆ ಬರುತ್ತೇನೆ. ಒಂದು ಮಾತು ಹೇಳುವುದಿದೆ,” ಎಂದ.