ಹೆಬ್ಬಾತೂ ಮಾವನ ಹುರುಳಿಯೂ

ಜನವರಿ ಬಂತೆಂದರೆ ನನ್ನ ಬೈನಾಕ್ಯುಲರ್ ಎಲ್ಲಿದೆ ಅಂತ ನನಗಿಂತ ಮೊದಲು ಹೆಂಡತಿಯೇ ಹುಡುಕಿಡುತ್ತಾಳೆ. ಒಂದು ಭಾನುವಾರವಾದರೂ ಮನೆ ಬಿಟ್ಟು ತೊಲಗಲಿ ಅಂತಲೋ ಏನೋ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲೂ ನಡೆಯುತ್ತದೆ. ಕೆರೆಗಳನ್ನು ಹಂಚಿಕೊಂಡು ಎಣಿಸುವ ಹವ್ಯಾಸಿಗಳಲ್ಲಿ ನಾನೂ ಒಬ್ಬ. ಈ ಸಲ ನನ್ನ ಪಾಲಿಗೆ ಬಂದದ್ದು ಗೊರೂರಿನ ಹೇಮಾವತಿ ಹಿನ್ನೀರು. ಕೆರೆ ಅನ್ನೋಕೇ ಭಯವಾಗುವಷ್ಟು ದೊಡ್ಡದು.

ಹಾಸನ ಬಿಟ್ಟಾಗ ಐದೂವರೆ. ಮಂಕಿ ಟೋಪಿ, ಅದರ ಮೇಲೆ ಹೆಲ್ಮೆಟ್ಟು, ಆದರೂ ಕಿವಿ ಮರಗಟ್ಟಿತ್ತು. ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಹತ್ತಿರ ಮಂಜು ಇನ್ನೂ ಎದ್ದಿರಲಿಲ್ಲ. ಮದುವೆ ಫೋಟೋಗೆ ಬಂದಿದ್ದ ಜೋಡಿಯೊಂದು ಚಳಿಯಲ್ಲಿ ನಡುಗುತ್ತಾ ನಗುತ್ತಿತ್ತು. ಗೋಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಕೂತಿದ್ದವು. ನಾಲ್ಕು ರೀವ, ಒಂದು ಕಪ್ಪು ಬಿಳಿ ಮಿಂಚುಳ್ಳಿ. ಒಂದು ಗಂಟೆ ನಿಂತರೂ ಪುಸ್ತಕದಲ್ಲಿ ಅರ್ಧ ಪುಟ ತುಂಬಲಿಲ್ಲ.

ಹೊಸಬರಿಗೆ ಇದು ಆಶ್ಚರ್ಯ. ಇಷ್ಟು ನೀರು, ಹಕ್ಕಿ ಎಲ್ಲಿ? ಬಹಳಷ್ಟು ಬಾತುಗಳಿಗೆ, ಗದ್ದೆಗೊರವಗಳಿಗೆ ಆಳದ ನೀರು ಉಪಯೋಗಕ್ಕಿಲ್ಲ. ಅವಕ್ಕೆ ಮೊಣಕಾಲುದ್ದದ ನೀರು, ಕೆಸರು, ಜೊಂಡು ಬೇಕು. ಚನ್ನರಾಯಪಟ್ಟಣದ ಕಡೆಯ ಒಂದು ಸಣ್ಣ ಕಟ್ಟೆಯಲ್ಲಿ ಸಿಗುವ ನಾಮದ ಕೋಳಿ, ಗುಳುಮುಳುಕ ಈ ಸಮುದ್ರದ ನಡುವೆ ಸಿಗುವುದಿಲ್ಲ. ಡ್ಯಾಮಿನಲ್ಲಿ ಹಕ್ಕಿ ನೋಡಬೇಕೆಂದರೆ ನೀರು ಇಳಿದು ಅಂಚು ತೆರೆದುಕೊಂಡ ಜಾಗಕ್ಕೇ ಹೋಗಬೇಕು.

ಅಂಥ ಅಂಚು ಇರುವುದು ಅರಕಲಗೂಡು ಕಡೆಯ ದಡದಲ್ಲಿ, ನಮ್ಮ ಸೋದರಮಾವನ ಊರಲ್ಲಿ. ಗೊರೂರು ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲು ಬಂತು. 1979ರಲ್ಲಿ ಡ್ಯಾಮು ಮುಗಿಯಿತು, ತಾತನ ಹೊಲ ಮುಳುಗಿತು. ಆ ನೀರು ನಾಲೆಯಲ್ಲಿ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಗೆಲ್ಲ ಹೋಗುತ್ತದೆ. ಮಾವ ಮಾತ್ರ ಪ್ರತಿ ವರ್ಷ ನೀರು ಹಿಂದೆ ಸರಿದಂತೆ ಅದರ ಹಿಂದೆ ಹಿಂದೆಯೇ ಹೋಗಿ, ಹುಣಸೆ ಮರದ ಬೊಡ್ಡೆ ಕಂಡ ದಿನ ಅಲ್ಲಿಂದ ಹೆಜ್ಜೆ ಅಳೆದು ಹುರುಳಿ ಎರಚುತ್ತಾನೆ.

"ಏನ್ಲಾ ಅಳಿಯ, ಹಕ್ಕಿ ಲೆಕ್ಕಕ್ಕೆ ಬಂದ್ಯಾ? ಎಲ್ಲೂ ಅಲೀಬ್ಯಾಡ. ನಿನ್ನ ನೆಂಟ್ರು ಇಲ್ಲೇ ಅವ್ರೆ, ನನ್ ಮನೇಲೇ ಊಟ."

ಬೈನಾಕ್ಯುಲರ್ ಎತ್ತಿದೆ. ಕೈ ನಡುಗಿತು, ಸುಳ್ಳಲ್ಲ. ನೀರಂಚಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು! ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಗೀರು. ನಂಜನಗೂಡಿನ ಹದಿನಾರು ಕೆರೆಗೂ ಗದಗದ ಮಾಗಡಿ ಕೆರೆಗೂ ಇವನ್ನೇ ನೋಡಲು ಬಸ್ಸು ಹತ್ತಿದವನು ನಾನು. ಮೂರು ಸಲ ಎಣಿಸಿದೆ. ಅರವತ್ತನಾಲ್ಕು.

ಮಾವನಿಗೆ ಉತ್ಸಾಹದಿಂದ ಹೇಳಿದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಬರ್ತವೆ ಮಾವ, ಹಿಮಾಲಯ ದಾಟಿ ಬರ್ತವೆ, 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ.

"ಅಷ್ಟು ದೂರದಿಂದ ನನ್ ಹುರುಳಿಗೇ ಬರ್ಬೇಕಾ? ಅಲ್ಲಿ ಹುಲ್ಲಿಲ್ವಾ?"

"ಅಲ್ಲಿ ಈಗ ಹಿಮ ಮಾವ, ಎಲ್ಲ ಹೆಪ್ಪುಗಟ್ಟಿರ್ತದೆ."

"ಅದ್ಸರಿ ಬುಡು, ಪಾಪ," ಅಂದು ನನ್ನನ್ನು ಹೊಲದೊಳಕ್ಕೆ ಕರೆದುಕೊಂಡು ಹೋದ. ಎರಡೆಲೆ ನಾಲ್ಕೆಲೆಯ ಪೈರು ಕತ್ತರಿಯಲ್ಲಿ ಕತ್ತರಿಸಿದಂತೆ ಸಾಲುಸಾಲಾಗಿ ಬೋಳು. ಮಧ್ಯೆ ಹಸಿರು ಹಿಕ್ಕೆ. ಹೆಬ್ಬಾತು ಹಗಲು ನೀರಲ್ಲಿ ವಿಶ್ರಾಂತಿ ತೆಗೆದುಕೊಂಡು ಸಂಜೆ, ನಸುಕಿನಲ್ಲಿ ಹೊಲಕ್ಕೆ ಮೇಯಲು ಹೋಗುತ್ತದೆ ಅಂತ ನಾನು ಓದಿದ್ದೆ. ಹೊಲ ಯಾರದ್ದು ಅಂತ ಯೋಚಿಸಿರಲಿಲ್ಲ. ಮಾವನ ಅಂಗಿ ಜೇಬಿನಲ್ಲಿ ದೀಪಾವಳಿಗೆ ತಂದು ಉಳಿದಿದ್ದ ಪಟಾಕಿ ಇತ್ತು.

"ಹೊಡೀಬೇಡ ಮಾವ."

"ಹಂಗಾರೆ ರಾತ್ರಿ ನೀನೇ ಬಂದು ಕಾಯಿ."

ಸುಮ್ಮನಾದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ನನಗೆ ಆಫೀಸಿದೆ.

ಅತ್ತೆ ಮುದ್ದೆ, ಹಿತಕಿದವರೆ ಸಾರು ಬಡಿಸಿದರು. (ಚಳಿಗಾಲದಲ್ಲಿ ಹಾಸನ ಸೀಮೆಗೆ ಹಕ್ಕಿ ಬರುವುದೂ ಈ ಅವರೆ ವಾಸನೆಗೇ ಅಂತ ನನ್ನ ಗುಮಾನಿ.) ಊಟ ಆದಮೇಲೆ ಜಗಲಿಯಲ್ಲಿ ಕೂತು ಗಣತಿ ಫಾರಂ ತುಂಬಿದೆ. ಹಕ್ಕಿ, ಸಂಖ್ಯೆ, ಎಲ್ಲ ಸಲೀಸು. ಕೊನೆಗೆ ಹಕ್ಕಿಗಳಿಗೆ ಏನು ತೊಂದರೆ ಇದೆ ಅಂತ ಬರೆಯುವ ಜಾಗ. ನಾಯಿ, ಮೀನುಬಲೆ, ಒತ್ತುವರಿ, ಪಟಾಕಿ. ಪ್ರತಿ ವರ್ಷ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ ಪದಗಳು. ಈ ಸಲ ಒತ್ತುವರಿದಾರ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಕಾಗದದ ಪ್ರಕಾರ ಆ ನೆಲ ಅವನದ್ದಲ್ಲ. ಹಾಗಾಗಿ ಬೆಳೆ ಹೋಯಿತು ಅಂತ ಪರಿಹಾರಕ್ಕೆ ಅರ್ಜಿ ಹಾಕುವ ಹಾಗೂ ಇಲ್ಲ. ಹಕ್ಕಿಯಿಂದ ಯಾರಿಗೆ ತೊಂದರೆ ಅಂತ ಕೇಳುವ ಕಾಲಂ ಫಾರಂನಲ್ಲಿ ಇರಲೂ ಇಲ್ಲ.

"ಹುರುಳಿ ತಿಂದದ್ದು ಬರ್ಕೊಂಡ್ಯಾ?"

ಷರಾ ಕಾಲಮಿನಲ್ಲಿ ಬರೆದೆ: ನೀರಂಚಿನ ಹುರುಳಿ ಹೊಲದಲ್ಲಿ ಮೇಯುತ್ತವೆ, ಅಂದಾಜು ಅರ್ಧ ಎಕರೆ ಪೈರು ಹಾನಿ. ತೊಂದರೆ ಅನ್ನುವಲ್ಲಿ ಮೀನುಬಲೆ ಅಂತಷ್ಟೇ ಬರೆದೆ. ಹದಿನಾಲ್ಕು ವರ್ಷದ ಗಣತಿಯಲ್ಲಿ ನಾನು ಗೊತ್ತಿದ್ದೂ ಬಿಟ್ಟದ್ದು ಅದೇ ಮೊದಲು.

ಸಂಜೆ ಅತ್ತೆ ಕೊಟ್ಟ ಅವರೆಕಾಯಿ ಚೀಲವನ್ನು ಸ್ಕೂಟರಿಗೆ ಕಟ್ಟುತ್ತಿದ್ದೆ. ಹೊಲದ ಕಡೆ ಢಮ್ ಅಂತು. ಹೆಬ್ಬಾತುಗಳೆಲ್ಲ ಒಟ್ಟಿಗೆ ಎದ್ದು, ಕೂಗುತ್ತಾ ಕೆಂಪು ನೀರಿನ ಮೇಲೆ ಒಂದು ಸುತ್ತು ಹಾಕಿ, ಗೆರೆ ಎಳೆದಂತೆ ಶೆಟ್ಟಿಹಳ್ಳಿ ದಿಕ್ಕಿಗೆ ತಿರುಗಿದವು. ಅಭ್ಯಾಸಬಲ, ಮತ್ತೆ ಎಣಿಸಿದೆ. ಬದುವಿನ ಮೇಲಿಂದ ಮಾವ ಕೂಗಿದ:

"ಲೆಕ್ಕ ಸರಿಯಾಗಿ ಬಂತೇನ್ಲಾ?"

ಬಂತು ಮಾವ ಅಂದೆ. ಅರವತ್ತನಾಲ್ಕು.